ಮೊದಲ 60 ಅಡಿ

ಮಗಳೇ, ನಿನ್ನ ಮಸ್ಟ್ಯಾಂಗ್ ಜಿಟಿಯ ಎಂಜಿನ್‌ಗೆ ಇನ್ನೂ 50 ಅಶ್ವಶಕ್ತಿ ಸೇರಿಸುವ ಸಾಮಾನು ತರಿಸಬೇಕೆಂದಿದ್ದೀಯಂತೆ. ಈಗ ಬೇಡ. ಆ ಗಾಡಿ ಕಾರ್ಖಾನೆಯಿಂದ ಹೊರಬರುವಾಗಲೇ 460 ಅಶ್ವಶಕ್ತಿ ಹೊತ್ತು ಬಂದಿದೆ. ಮೊದಲ ಗೇರಿನಲ್ಲಿ ಅಷ್ಟನ್ನೂ ನೆಲಕ್ಕೆ ಇಳಿಸುವ ತಾಕತ್ತು ನಿನ್ನ ಹಿಂದಿನ ಟೈರುಗಳಿಗಿಲ್ಲ. ನೆಲ ಮುಟ್ಟದ ಶಕ್ತಿಯನ್ನು ಇನ್ನಷ್ಟು ಹೆಚ್ಚಿಸಿದರೆ ಹೆಚ್ಚುವುದು ಹೊಗೆ ಮಾತ್ರ.

ನಾನು ಹೇಳಿದ್ದನ್ನು ನಂಬಬೇಕಾಗಿಲ್ಲ, ಡ್ರ್ಯಾಗ್ ಸ್ಟ್ರಿಪ್‌ನಿಂದ ನೀನು ಕಳಿಸಿದ ಟೈಮ್‌ಸ್ಲಿಪ್ಪನ್ನೇ, ಅಂದರೆ ಓಟದ ಸಮಯದ ಚೀಟಿಯನ್ನೇ ನೋಡು. ಕಾಲು ಮೈಲಿ, ಅಂದರೆ 402 ಮೀಟರ್, 13.5 ಸೆಕೆಂಡು. ಕೊನೆಯಲ್ಲಿ ವೇಗ ಗಂಟೆಗೆ 112 ಮೈಲಿ. ಕೊನೆಯ ವೇಗ ಎಂಜಿನ್‌ನ ಕಥೆ ಹೇಳುತ್ತದೆ, ಅದರಲ್ಲಿ ಕೊರತೆಯೇನೂ ಇಲ್ಲ. ಕೊರತೆ ಇರುವುದು ಮೇಲಿನ ಸಾಲುಗಳಲ್ಲಿ: ಮೊದಲ 60 ಅಡಿ ದಾಟಲು 2.3 ಸೆಕೆಂಡು ತೆಗೆದುಕೊಂಡಿದ್ದೀಯ. ಆ ಹದಿನೆಂಟು ಮೀಟರಿನಲ್ಲಿ ಉಳಿಸಿದ ಒಂದು ಹತ್ತಾಂಶ ಸೆಕೆಂಡು, ಕೊನೆ ಮುಟ್ಟುವಷ್ಟರಲ್ಲಿ ಸಾಮಾನ್ಯವಾಗಿ ಒಂದೂವರೆ, ಎರಡು ಹತ್ತಾಂಶವಾಗಿ ಬೆಳೆದಿರುತ್ತದೆ. ಅದನ್ನು 1.9ಕ್ಕೆ ಇಳಿಸಿದರೆ ಎಂಜಿನ್ ಮುಟ್ಟದೆಯೇ 13ರ ಒಳಗೆ ಬರುತ್ತೀಯ.

ಟೈರು ಹಿಡಿತ ಕಳೆದುಕೊಳ್ಳುವ ಬಗೆಯನ್ನು ಮೊದಲು ತಿಳಿದುಕೋ. ಚಕ್ರ ಒಂದಿಷ್ಟೂ ಜಾರಬಾರದು ಎಂದು ಎಷ್ಟೋ ಜನ ಭಾವಿಸಿದ್ದಾರೆ. ಹಾಗಲ್ಲ. ಗಾಡಿ ಓಡುವ ವೇಗಕ್ಕಿಂತ ಚಕ್ರ ನೂರಕ್ಕೆ ಹತ್ತು, ಹದಿನೈದರಷ್ಟು ಹೆಚ್ಚು ತಿರುಗುವಾಗಲೇ ರಬ್ಬರು ನೆಲವನ್ನು ಗಟ್ಟಿಯಾಗಿ ಕಚ್ಚುವುದು. ಆ ಗಡಿ ದಾಟಿ ಚಕ್ರ ಸುಮ್ಮನೆ ಗಿರಗಿರ ತಿರುಗತೊಡಗಿದರೆ ಹಿಡಿತ ಇಳಿಯುತ್ತದೆ, ಇಳಿದಷ್ಟೂ ಚಕ್ರ ಇನ್ನೂ ಜೋರಾಗಿ ತಿರುಗುತ್ತದೆ. ಆಕ್ಸಿಲರೇಟರಿನಿಂದ ಕಾಲನ್ನು ಸ್ವಲ್ಪ ಎತ್ತದೆ ಅದು ಸರಿಹೋಗುವುದಿಲ್ಲ.

ಇನ್ನೊಂದು ವಿಷಯ, ಭಾರ. ಗಾಡಿ ಮುಂದಕ್ಕೆ ಚಿಮ್ಮಿದಾಗ ಮೂತಿ ಮೇಲೆದ್ದು ಭಾರ ಹಿಂದಕ್ಕೆ ಸರಿಯುತ್ತದೆ. ನಿನ್ನ ಗಾಡಿ, ನೀನು ಸೇರಿ 1,750 ಕೆಜಿ ಎನ್ನೋಣ. ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ 2.72 ಮೀಟರ್, ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೋ. ಗುರುತ್ವದ ಹತ್ತರಲ್ಲಿ ಎಂಟರಷ್ಟು ವೇಗೋತ್ಕರ್ಷ ಸಿಕ್ಕರೆ ಸುಮಾರು 250 ಕೆಜಿ ಮುಂದಿನಿಂದ ಹಿಂದಿನ ಟೈರುಗಳ ಮೇಲೆ ಬರುತ್ತದೆ. ಪುಕ್ಕಟೆ ಸಿಗುವ ಹಿಡಿತ ಇದು. ಚೆಂದ ಕಾಣಲೆಂದು ಗಾಡಿಯನ್ನು ತಗ್ಗಿಸುವ ಗಿಡ್ಡ, ಬಿರುಸು ಸ್ಪ್ರಿಂಗ್‌ಗಳನ್ನು ಹಾಕಿಸಿದರೆ ಇದನ್ನೇ ಕಡಿಮೆ ಮಾಡಿಕೊಂಡಂತೆ. 2018ರ ಡಾಡ್ಜ್ ಚಾಲೆಂಜರ್ ಡೀಮನ್ ಮಾಡಿದವರು ಇದನ್ನು ಚೆನ್ನಾಗಿ ಬಲ್ಲವರು: ಮೂತಿ ಸಲೀಸಾಗಿ ಏಳಲೆಂದು ಸ್ಪ್ರಿಂಗ್‌ಗಳನ್ನು ಮೆತ್ತಗಿಟ್ಟರು, ಹಿಂದೆ ಮುಂದೆ ನಾಲ್ಕಕ್ಕೂ 315 ಮಿಲಿಮೀಟರ್ ಅಗಲದ, ಇಂಥ ಓಟಕ್ಕೆಂದೇ ಮಾಡಿದ ನಿಟ್ಟೋ ಡ್ರ್ಯಾಗ್ ರೇಡಿಯಲ್ ಟೈರು ಕೊಟ್ಟರು. ಅಂಗಡಿಯಲ್ಲಿ ಸಿಗುತ್ತಿದ್ದ ಆ ಗಾಡಿ ಹೊರಡುವಾಗ ಮುಂದಿನ ಚಕ್ರಗಳನ್ನೇ ನೆಲದಿಂದ ಎತ್ತುತ್ತಿತ್ತು.

ಈಗ ನಿನ್ನ ಕೈಗೆಟುಕುವ ಕೆಲಸಕ್ಕೆ ಬರೋಣ. ಮೊದಲನೆಯದು ಗಾಳಿ, ಅದಕ್ಕೆ ಬೇಕಾದದ್ದು ಒಂದು ಒಳ್ಳೆಯ ಗೇಜು ಅಷ್ಟೇ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ 32 ಪಿಎಸ್‌ಐ ಆಸುಪಾಸು ಬರೆದಿರುತ್ತದೆ, ಅದು ರಸ್ತೆಗೆ. ಸ್ಟ್ರಿಪ್‌ನಲ್ಲಿ ಈಗಿನ ಬೇಸಿಗೆ ಟೈರುಗಳಿಗೆ 28ರಿಂದ ಶುರುಮಾಡು, ಓಟಕ್ಕೆ ಎರಡೆರಡರಂತೆ ಇಳಿಸು, 24ಕ್ಕಿಂತ ಕೆಳಗೆ ಹೋಗಬೇಡ. ಮೋಟು ಗೋಡೆಯ ಆ ಟೈರುಗಳಲ್ಲಿ ಗಾಳಿ ತೀರಾ ಇಳಿದರೆ ನಡುಭಾಗ ಒಳಕ್ಕೆ ಬಾಗಿ ಎರಡು ಅಂಚು ಮಾತ್ರ ನೆಲ ಹಿಡಿಯುತ್ತವೆ. ಇದನ್ನು ಕಣ್ಣಿನಿಂದಲೇ ಓದಬಹುದು: ಚಕ್ರ ಸ್ವಲ್ಪ ತಿರುಗಿಸಿ ಬಿಟ್ಟ ಕಪ್ಪು ಪಟ್ಟೆಯ ಹತ್ತಿರ ಹೋಗಿ ನೋಡು. ಅಂಚು ಗಾಢವಾಗಿ ನಡುವೆ ತೆಳುವಿದ್ದರೆ ಗಾಳಿ ಸಾಲದು. ನಡುವೆ ಮಾತ್ರ ಕಪ್ಪಾಗಿದ್ದರೆ ಹೆಚ್ಚಾಗಿದೆ. ಅಗಲಕ್ಕೂ ಒಂದೇ ಬಣ್ಣವಿದ್ದರೆ ಸರಿಯಿದೆ. ಗಾಳಿಯನ್ನು ಪ್ರತಿ ಓಟಕ್ಕೂ ಮುಂಚೆ, ಸಾಲಿನಲ್ಲಿ ನಿಂತಾಗ ಅಳೆ. ಬೆಳಿಗ್ಗೆ ಮನೆಯಲ್ಲಿ ಅಳೆದ ಲೆಕ್ಕ ಮಧ್ಯಾಹ್ನಕ್ಕೆ ಕೆಲಸಕ್ಕೆ ಬಾರದು, ಟೈರು ಐದಾರು ಡಿಗ್ರಿ ಸೆಲ್ಸಿಯಸ್ ಕಾದರೆ ಒಂದು ಪಿಎಸ್‌ಐ ಏರಿರುತ್ತದೆ.

ಆಮೇಲೆ ಟೈರು. ನೀನು ಖರ್ಚು ಮಾಡಲೇಬೇಕೆಂದಿರುವ ಹಣ ಇಲ್ಲಿಗೇ ಹೋಗಲಿ. ಪಕ್ಕದ ಗೋಡೆಯ ಮೇಲೆ ಸವೆತದ ಅಂಕಿ ಇರುತ್ತದೆ: ದೂರ ಓಡುವ ಟೈರಿಗೆ 400, 500; ಬಿರುಸಿನ ಬೇಸಿಗೆ ಟೈರಿಗೆ 200, 300; ಡ್ರ್ಯಾಗ್ ರೇಡಿಯಲ್‌ಗೆ ಅನೇಕ ಸಲ ಬರೀ ಸೊನ್ನೆ. ರಬ್ಬರು ಮೆತ್ತಗಿದ್ದಷ್ಟೂ ಕಚ್ಚುತ್ತದೆ, ಬೇಗ ಸವೆಯುತ್ತದೆ. ಮಿಕ್ಕಿ ಥಾಂಪ್ಸನ್ ಅಥವಾ ನಿಟ್ಟೋದ ರಸ್ತೆ ಪರವಾನಗಿಯಿರುವ ಡ್ರ್ಯಾಗ್ ರೇಡಿಯಲ್ ನಿನಗೆ ಸಾಕು. 19 ಇಂಚಿನ ರಿಮ್ ಬದಲು 17 ಇಂಚಿನದು ಬ್ರೇಕಿಗೆ ತಾಗದೆ ಕೂರುವುದಾದರೆ ಇನ್ನೂ ಒಳ್ಳೆಯದು. ಎತ್ತರದ ಗೋಡೆ ಹೊರಡುವ ಏಟನ್ನು ಮಡಚಿಕೊಂಡು ನುಂಗುತ್ತದೆ. ಈ ಟೈರಿಗೆ ಗಾಳಿ 16ರಿಂದ 20ರ ನಡುವೆ, ಕಂಪನಿ ಹೇಳಿದ ಮಟ್ಟದಿಂದ ಆರಂಭಿಸು. ಹಳೆಯ ಮಾದರಿಯ ಬಯಸ್‌ಪ್ಲೈ ಸ್ಲಿಕ್ (ಗೀರಿಲ್ಲದ ಟೈರು) ಹಿಂದಕ್ಕೂ ರೇಡಿಯಲ್ ಮುಂದಕ್ಕೂ ಹಾಕುವ ಜೋಡಿ ಬೇಡವೇ ಬೇಡ, ಕೊನೆಯ ವೇಗದಲ್ಲಿ ಗಾಡಿಯ ಬಾಲ ಅಲ್ಲಾಡುತ್ತದೆ. ಯಾರಾದರೂ ಅಗ್ಗಕ್ಕೆ ಹಳೆಯ ಟೈರು ಕೊಡುತ್ತೇನೆಂದರೆ ಗೋಡೆಯ ಮೇಲಿನ ನಾಲ್ಕು ಅಂಕಿ ಓದು. 3219 ಅಂದರೆ 2019ರ 32ನೇ ವಾರದ ಮಾಲು. ಗೀರು ಎಷ್ಟೇ ಆಳವಿರಲಿ, ಗಟ್ಟಿಯಾದ ರಬ್ಬರು ಹಿಡಿಯುವುದಿಲ್ಲ.

ಹೊರಡುವ ಮೊದಲು ನಿಂತಲ್ಲೇ ಚಕ್ರ ತಿರುಗಿಸಿ ಟೈರು ಕಾಯಿಸುವ ಬರ್ನ್‌ಔಟ್‌ನ ಹುಚ್ಚು ಹಿಡಿಸಿಕೊಳ್ಳಬೇಡ. ನಿನ್ನ ಗಾಡಿಯಲ್ಲಿ ಲೈನ್ ಲಾಕ್ ಕಂಪನಿಯಿಂದಲೇ ಬಂದಿರುವುದು ನಿಜ, ಮುಂದಿನ ಬ್ರೇಕ್ ಮಾತ್ರ ಹಿಡಿದು ಹಿಂದಿನ ಚಕ್ರವನ್ನು ಬಿಟ್ಟುಕೊಡುತ್ತದೆ. ಆದರೆ ಬೇಸಿಗೆ ಟೈರನ್ನು ಹೊಗೆಯಾಡುವವರೆಗೆ ಸುಟ್ಟರೆ ಅದರ ಮೈ ಎಣ್ಣೆ ಸವರಿದ ಕಾವಲಿಯಂತೆ ನುಣುಪಾಗುತ್ತದೆ. ಬರ್ನ್‌ಔಟ್‌ಗೆಂದು ಸ್ಟ್ರಿಪ್‌ನಲ್ಲಿ ಮಾಡಿರುವ ನೀರಿನ ಹೊಂಡವನ್ನು ಸುತ್ತಿಕೊಂಡು ಹೋಗು. ಗೀರಿರುವ ಟೈರು ನೀರನ್ನು ಎತ್ತಿಕೊಂಡು ಬಂದು ನೀನು ಹೊರಡುವ ಜಾಗದಲ್ಲೇ ತೊಟ್ಟಿಕ್ಕಿಸುತ್ತದೆ. ಒಣ ಜಾಗದಲ್ಲಿ ಒಂದೆರಡು ಸುತ್ತು, ಕಲ್ಲು ಧೂಳು ಉದುರಿದರೆ ಮುಗಿಯಿತು. ಡ್ರ್ಯಾಗ್ ರೇಡಿಯಲ್ ಹಾಕಿದ ಮೇಲೆ ಸಣ್ಣಗೆ ಹೊಗೆ ಕಾಣುವಷ್ಟು ಕಾಯಿಸು.

ಹೊರಡುವಾಗ ಎಂಜಿನನ್ನು ನಾಲ್ಕು ಸಾವಿರ ಆರ್‌ಪಿಎಂಗೆ ಏರಿಸಿ ಕ್ಲಚ್ಚನ್ನು ಪಟ್ಟನೆ ಬಿಡುವುದು ನೋಡುವವರಿಗೆ ಚೆಂದ. ರಸ್ತೆ ಟೈರಿನಲ್ಲಿ ಎರಡು ಸಾವಿರದ ಆಸುಪಾಸಿನಿಂದ ಶುರುಮಾಡು. ಕ್ಲಚ್ಚನ್ನು ಜಾರಿಸುತ್ತಾ ಬಿಡು, ಗಾಡಿ ಚಲಿಸಿದ ಮೇಲೆ ಆಕ್ಸಿಲರೇಟರನ್ನು ಒತ್ತುತ್ತಾ ಹೋಗು. ಹೊರಡಲು ಸೂಚಿಸುವ ದೀಪದ ಭಯ ಬಿಡು. ಹಸಿರು ಬಂದ ಮೇಲೆ ನೀನು ಎಷ್ಟು ತಡ ಮಾಡಿದರೂ ಓಟದ ಸಮಯಕ್ಕೆ ಅದು ಸೇರುವುದಿಲ್ಲ, ಗಾಡಿ ಕದಲಿದಾಗಲೇ ಗಡಿಯಾರ ಶುರುವಾಗುವುದು. ಕಲಿಯುವ ದಿನಗಳಲ್ಲಿ ನಿಧಾನವಾಗಿ ಹೊರಡು.

ಹಿಂದಿನ ಚಕ್ರ ಧಡಧಡ ಕುಪ್ಪಳಿಸಿದರೆ ಆ ಕ್ಷಣವೇ ಕಾಲು ಎತ್ತು. 2015ರಿಂದೀಚಿನ ಮಸ್ಟ್ಯಾಂಗ್‌ಗಳಲ್ಲಿ ಹಿಂದಿನ ಚಕ್ರಗಳು ಸ್ವತಂತ್ರ, ಅವನ್ನು ಹೊತ್ತ ಚೌಕಟ್ಟು ಮೆತ್ತನೆ ರಬ್ಬರ್ ಬುಷ್‌ಗಳ ಮೇಲೆ ಕೂತಿದೆ. ಕುಪ್ಪಳಿಕೆ ಅಲ್ಲಿಂದಲೇ ಹುಟ್ಟುವುದು, ಆಕ್ಸಲ್ ಮುರಿಯುವುದೂ ಆಗಲೇ. ಬುಷ್ ಬಿಗಿಗೊಳಿಸುವ ತುಂಡುಗಳು ಸಿಗುತ್ತವೆ, ಟೈರು ಕೊಂಡ ಮೇಲಿನ ಮೊದಲ ಖರ್ಚು ಅದಾಗಲಿ. ಬಲ ಹಿಂದಿನ ಸ್ಪ್ರಿಂಗಿನೊಳಗೆ ಗಾಳಿಚೀಲ ಹಾಕು ಎಂದು ನಿನ್ನ ಸ್ನೇಹಿತ ಹೇಳಿದನಂತಲ್ಲ, ಅದು ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್ಲಿಗೆ ಸೇರಿರುವ ಹಳೆಯ ಗಾಡಿಗಳಿಗೆ ಹೇಳಿದ ಮಾತು. ಅವುಗಳಲ್ಲಿ ಪ್ರೊಪೆಲ್ಲರ್ ಶಾಫ್ಟಿನ ತಿರುಚು, ಬಲಗಡೆಯ ಹಿಂದಿನ ಚಕ್ರದ ಮೇಲಿನ ಭಾರವನ್ನು ಕದಿಯುತ್ತದೆ. ನಿನ್ನದಕ್ಕೆ ಬೇಕಿಲ್ಲ. ಡಿಕ್ಕಿಯಲ್ಲಿ ಮರಳ ಮೂಟೆ ಇಡುವ ಹಳೆಯ ಉಪಾಯವೂ ಬೇಡ, ಸಡಿಲ ಭಾರವನ್ನು ತಪಾಸಣೆಯವರು ಇಳಿಸಿಬಿಡುತ್ತಾರೆ. ಇಳಿಸಬೇಕಾದ್ದೇ.

ಇದನ್ನೆಲ್ಲ ರಾತ್ರಿ ಹೊತ್ತು ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಪರೀಕ್ಷಿಸುವೆನೆಂದರೆ ನನ್ನೊಡನೆ ಮಾತೇ ಬೇಡ. ಸ್ಟ್ರಿಪ್‌ನ ಕಾಂಕ್ರೀಟಿನ ಮೇಲೆ ಅಂಟುದ್ರವ ಹರಡಿ, ರಬ್ಬರು ತಿಕ್ಕಿ ಹದ ಮಾಡಿರುತ್ತಾರೆ. ರಸ್ತೆಯಲ್ಲಿ ಆ ಹಿಡಿತ ಇಲ್ಲ, ಅಡ್ಡ ಬರುವವರು ಇದ್ದಾರೆ. 1951ರಲ್ಲಿ ವಾಲಿ ಪಾರ್ಕ್ಸ್ ಅಮೆರಿಕದ ಹಾಟ್ ರಾಡ್ ಸಂಘ ಕಟ್ಟಿದ್ದೇ ಹುಡುಗರನ್ನು ರಸ್ತೆಯಿಂದ ಬಿಡಿಸಿ ತರಲು. ನಮ್ಮ ಮಿಲನ್ ಸ್ಟ್ರಿಪ್ ಡೆಟ್ರಾಯಿಟ್‌ನಿಂದ ಗಂಟೆಯೊಳಗಿನ ದಾರಿ. 13.99 ಸೆಕೆಂಡು ಅಥವಾ ಅದಕ್ಕಿಂತ ಬೇಗ ಓಡುವವರಿಗೆ ಹೆಲ್ಮೆಟ್ ಕಡ್ಡಾಯ, ನಿನಗೂ ಅನ್ವಯಿಸುತ್ತದೆ. ಒಳ್ಳೆಯದನ್ನೇ ತಗೋ, ಅದರ ದುಡ್ಡು ನನ್ನದು.

ಮನೆಗೆ ಹೊರಡುವ ಮೊದಲು ಟೈರಿಗೆ ಮತ್ತೆ ಗಾಳಿ ತುಂಬು. ಡ್ರ್ಯಾಗ್ ರೇಡಿಯಲ್ ಇದ್ದು ಮಳೆ ಬಂದರೆ ನಿಲ್ಲುವವರೆಗೆ ಕಾದುಕೋ. ಆ ಟೈರಿನಲ್ಲಿ ನೀರು ಸರಿಸುವ ಗೀರು ಇಲ್ಲದಷ್ಟೇ ಕಡಿಮೆ. ಅಕ್ಟೋಬರ್ ಬಂತೆಂದರೆ ಬಿಚ್ಚಿ ಒಳಗಿಡು, ಮಿಶಿಗನ್ನಿನ ಚಳಿಗೆ ಆ ರಬ್ಬರು ಮರದಷ್ಟು ಗಟ್ಟಿಯಾಗುತ್ತದೆ. ಒಂದು ಓಟಕ್ಕೆ ಒಂದೇ ಬದಲಾವಣೆ ಮಾಡು: ಗಾಳಿ ಇಳಿಸಿದ ಓಟದಲ್ಲಿ ಕ್ಲಚ್ ಬಿಡುವ ರೀತಿ ಬದಲಿಸಬೇಡ. ಪ್ರತಿ ಟೈಮ್‌ಸ್ಲಿಪ್ ಹಿಂದೆ ಗಾಳಿ ಎಷ್ಟು, ಬಿಸಿಲು ಎಷ್ಟು, ಎಷ್ಟು ಆರ್‌ಪಿಎಂಗೆ ಹೊರಟೆ ಎಂದು ಬರೆದು ನನಗೆ ಕಳಿಸು. 60 ಅಡಿಯ ಸಾಲು ನೋಡಿ ಮುಂದಿನದನ್ನು ಹೇಳುತ್ತೇನೆ.