ಮತ್ತೆ ಶಹಾಬಾದ್ ಕಲ್ಲೇ ಹಾಕಿಸ್ತೀರಾ?

ಹುಮನಾಬಾದ್ ಕಡೆಯ ಹಳೇ ಮನೆಗಳ ನೆಲಕ್ಕೆ ಪಕ್ಕದ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು, ಹೊಸ ಮನೆಗಳಿಗೆ ವಿಟ್ರಿಫೈಡ್ ಟೈಲ್ಸ್. ಮತ್ತೆ ಕಟ್ಟಿಸಿದರೆ ಯಾವುದು? ನಾವು ಕಲ್ಲಿನ ಕಡೆ, ಆದರೆ ಎಲ್ಲಾ ಕೋಣೆಗೂ ಅಲ್ಲ.

ಶಹಾಬಾದ್ ಅಂದ್ರೆ ಸುಣ್ಣದಕಲ್ಲು, ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಲಿಂಬೆರಸ, ಹುಣಸೆಹುಳಿ ಬಿದ್ದರೆ ಮೇಲ್ಮೈ ಕರಗುತ್ತೆ. ಆ ಮಚ್ಚೆ ಎಷ್ಟು ಒರೆಸಿದರೂ ಹೋಗಲ್ಲ, ಯಾಕಂದ್ರೆ ಅದು ಕಲೆಯಲ್ಲ, ಸವೆತ. ಬಚ್ಚಲಿಗೆ ಆ್ಯಸಿಡ್ ಸುರಿಯೋರಂತೂ ಕೊಳೆಯ ಜೊತೆ ಕಲ್ಲನ್ನೂ ತೊಳೆದು ಹಾಕ್ತಾರೆ! ಅಡುಗೆಕಟ್ಟೆಗೆ ಗ್ರಾನೈಟೇ ಸರಿ, ಲಿಂಬೆಗೆ ಅದು ಜಗ್ಗಲ್ಲ. ಕಪ್ಪಗಿದೆ ಅಂತ ಕಡಪ ಕಲ್ಲನ್ನು ಗ್ರಾನೈಟ್ ಅಂದ್ಕೋಬೇಡಿ, ಅದೂ ಸುಣ್ಣದಕಲ್ಲೇ.

ವಿಟ್ರಿಫೈಡ್ ಟೈಲ್ ಹೀರೋ ನೀರು ಶೇ. 0.5ರೊಳಗೆ, ಹಾಗಾಗಿ ಕಲೆ ಹಿಡಿಯೋದು ಕಡಿಮೆ. ಆದರೆ ಪಾಲಿಶ್ ಟೈಲ್ ಒದ್ದೆಯಾದರೆ ಅಜ್ಜಿ ಜಾರ್ತಾರೆ. ಪಡಸಾಲೆಗೆ ಶಹಾಬಾದೇ ಇರಲಿ: ಸವೆದರೆ ಮತ್ತೆ ಪಾಲಿಶ್ ಹೊಡೆಸಬಹುದು. ಟೈಲ್ ಒಡೆದರೆ ಅದೇ ಡಿಸೈನ್‌ಗಾಗಿ ಅಂಗಡಿ ಅಂಗಡಿ ಅಲೀಬೇಕು.