ಎರಡನೆಯ ಬೀಗದಕೈ ಯಾರ ಬಳಿ? ಬಾಡಿಗೆ ಮನೆಯ ಖಾಸಗಿತನ ಮತ್ತು ಮಾಲೀಕರ ಪ್ರವೇಶ

ಮನೆಯನ್ನು ಬಾಡಿಗೆಗೆ ಕೊಟ್ಟ ಮೇಲೂ ಒಡೆತನ ಮಾಲೀಕರಲ್ಲೇ ಉಳಿಯುತ್ತದೆಯಾದರೂ, ಸ್ವಾಧೀನ, ಅಂದರೆ ಆ ಮನೆಯನ್ನು ಅನುಭವಿಸುವ ಮತ್ತು ಅದರೊಳಗೆ ಯಾರನ್ನು ಬಿಡಬೇಕೆಂದು ತೀರ್ಮಾನಿಸುವ ಹಕ್ಕು, ಕರಾರಿನ ಅವಧಿಯುದ್ದಕ್ಕೂ ಬಾಡಿಗೆದಾರರದಾಗಿರುತ್ತದೆ. ಕೆಳಗೆ ಮಾಲೀಕರು, ಮೇಲೆ ಬಾಡಿಗೆದಾರರು ವಾಸಿಸುವ ಬೆಂಗಳೂರಿನ ಬಡಾವಣೆಗಳಲ್ಲಿ ಹೇಳದೆ ಕೇಳದೆ ಒಳಬರುವ, ತಮ್ಮಲ್ಲಿರುವ ಬೀಗದಕೈಯಿಂದ ಬಾಗಿಲು ತೆಗೆಯುವ ತಕರಾರುಗಳು ಹುಟ್ಟುವುದು ಈ ಎರಡು ಹಕ್ಕುಗಳನ್ನು ಒಂದೇ ಎಂದು ಬಗೆದಾಗ.

ಯಾವ ಕಾನೂನು ಅನ್ವಯಿಸುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಕರ್ನಾಟಕ ಬಾಡಿಗೆ ಕಾಯ್ದೆ, 1999 ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರದ ಬಾಡಿಗೆಯ ಮನೆಗಳಿಗಷ್ಟೇ ಸೀಮಿತವಾಗಿರುವುದರಿಂದ, ಇಂದಿನ ಬಹುಪಾಲು ಮನೆಗಳು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅದರ 108ನೆಯ ಕಲಮು ಬಾಡಿಗೆ ಕಟ್ಟಿ ಷರತ್ತುಗಳನ್ನು ಪಾಲಿಸುವವರಿಗೆ ಅಡಚಣೆಯಿಲ್ಲದ ಅನುಭೋಗವನ್ನು ಖಾತರಿಪಡಿಸುತ್ತದೆ. ಅದೇ ಕಲಮು ಮನೆಯ ಸ್ಥಿತಿಯನ್ನು ಪರಿಶೀಲಿಸಲು ಮಾಲೀಕರನ್ನು ಅಥವಾ ಅವರ ಪ್ರತಿನಿಧಿಗಳನ್ನು ಯುಕ್ತ ಸಮಯದಲ್ಲಿ ಒಳಬಿಡಬೇಕೆಂದೂ ವಿಧಿಸುತ್ತದೆ. ಯುಕ್ತ ಸಮಯ ಯಾವುದೆಂದು ಕಾಯ್ದೆ ಹೇಳುವುದಿಲ್ಲ. ಅಷ್ಟೇ ಅಲ್ಲದೆ, ಕರಾರಿನಲ್ಲಿ ಬೇರೆ ಮಾತಿದ್ದರೆ ಆ ಮಾತೇ ನಡೆಯುತ್ತದೆ ಎಂಬುದರಿಂದ, ಛಾಪಾ ಕಾಗದದ ಮೇಲೆ ಸಿದ್ಧವಾಗಿ ಬರುವ ಹನ್ನೊಂದು ತಿಂಗಳ ಕರಾರನ್ನು ಓದದೆ ಸಹಿ ಹಾಕುವುದು ಈ ವಿಷಯದಲ್ಲಿ ಎಲ್ಲಕ್ಕಿಂತ ದುಬಾರಿಯಾದ ಉದಾಸೀನ.

ಆದ್ದರಿಂದ ಮೊದಲ ಹೆಜ್ಜೆ ಸಹಿಗೆ ಮುಂಚಿನದು. ‘ಮಾಲೀಕರು ಯಾವಾಗ ಬೇಕಾದರೂ ಮನೆಯನ್ನು ಪರಿಶೀಲಿಸಬಹುದು’ ಎಂಬ ಸಾಲು ಇದ್ದರೆ ಅದನ್ನು ತೆಗೆಸಿ, ‘ಕಾರಣ, ದಿನ ಮತ್ತು ವೇಳೆಯನ್ನು ಕನಿಷ್ಠ 24 ಗಂಟೆ ಮುಂಚಿತವಾಗಿ ಬರಹದಲ್ಲಿ ತಿಳಿಸಿ, ಬೆಳಿಗ್ಗೆ 10ರಿಂದ ಸಂಜೆ 6ರೊಳಗೆ, ಬಾಡಿಗೆದಾರರು ಮನೆಯಲ್ಲಿರುವಾಗ ಮಾತ್ರ ಪ್ರವೇಶಿಸತಕ್ಕದ್ದು’ ಎಂದು ಬರೆಸಬೇಕು. ಇದು ಅತಿಯಾದ ಬೇಡಿಕೆಯೇನಲ್ಲ: ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ 17ನೆಯ ಕಲಮು ಇದೇ 24 ಗಂಟೆಗಳ ಸೂಚನೆಯನ್ನು ಹೇಳಿ, ಸೂರ್ಯಾಸ್ತದ ನಂತರ ಮತ್ತು ಸೂರ್ಯೋದಯಕ್ಕೆ ಮುನ್ನ ಪ್ರವೇಶವನ್ನು ನಿಷೇಧಿಸಿ, ಬೆಂಕಿ, ಪ್ರವಾಹದಂತಹ ತುರ್ತಿಗೆ ಮಾತ್ರ ವಿನಾಯಿತಿ ಕೊಡುತ್ತದೆ. ಮಾದರಿಯಾದ್ದರಿಂದ ರಾಜ್ಯ ತನ್ನದೇ ಶಾಸನವಾಗಿ ತರುವವರೆಗೆ ಅದು ಕಟ್ಟುಪಾಡಲ್ಲ. ಆದರೆ ಕರಾರಿಗೆ ಎರವಲು ಪಡೆಯಲು ಅಡ್ಡಿಯಿಲ್ಲ. ಸಂಪು, ಮೇಲಿನ ಟ್ಯಾಂಕು, ಕರೆಂಟು ಮೀಟರುಗಳಿಗೆ ಹೋಗುವ ದಾರಿ, ಮನೆ ಬಿಡುವ ನೋಟಿಸಿನ ಅವಧಿಯಲ್ಲಿ ಹೊಸ ಬಾಡಿಗೆದಾರರಿಗೆ ಮನೆ ತೋರಿಸುವ ದಿನಗಳು, ಇವನ್ನೂ ಆಗಲೇ ನಮೂದಿಸುವುದು ಒಳ್ಳೆಯದು. ಬ್ರೋಕರ್ ಜನರನ್ನು ಕರೆದುಕೊಂಡು ಊಟದ ಹೊತ್ತಿಗೆ ಬಾಗಿಲು ತಟ್ಟುವುದು ಈ ಅವಧಿಯಲ್ಲೇ.

ಮನೆ ಸೇರುವ ದಿನ ಪ್ರತಿ ಬೀಗಕ್ಕೂ ಎಷ್ಟು ಕೈಗಳಿವೆ, ಯಾವುದು ಯಾರ ಬಳಿ ಉಳಿದಿದೆ ಎಂಬುದನ್ನು ಫಿಟ್ಟಿಂಗ್‌ಗಳ ಪಟ್ಟಿಯಲ್ಲೇ ಸೇರಿಸಿ ಇಬ್ಬರೂ ಸಹಿ ಹಾಕಬೇಕು. ತುರ್ತಿಗೆಂದು ಮಾಲೀಕರು ಒಂದನ್ನು ಇಟ್ಟುಕೊಳ್ಳುವುದಾದರೆ ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿಡುವ ಏರ್ಪಾಡು ಸರಳವೂ ಹೌದು, ಒಡೆದರೆ ಗೊತ್ತಾಗುವಂತಹದೂ ಹೌದು.

ಸೂಚನೆಯಿಲ್ಲದೆ ಪ್ರವೇಶ ನಡೆದಲ್ಲಿ ಅದೇ ದಿನ ದಿನಾಂಕ, ವೇಳೆ ಸಹಿತ ವಾಟ್ಸ್‌ಆ್ಯಪ್ ಅಥವಾ ಇಮೇಲ್ ಮೂಲಕ ಸೌಮ್ಯವಾಗಿಯೇ ಆಕ್ಷೇಪಣೆ ಕಳುಹಿಸಬೇಕು. ಮುಂದೆ ಸಾಕ್ಷ್ಯವಾಗುವುದು ಈ ಬರಹವೇ. ಸಿಟ್ಟಿನಿಂದ ಬಾಡಿಗೆ ನಿಲ್ಲಿಸುವುದು ಮಾತ್ರ ತಪ್ಪು ಹೆಜ್ಜೆ, ಏಕೆಂದರೆ ಅಡಚಣೆಯಿಲ್ಲದ ಅನುಭೋಗದ ರಕ್ಷಣೆ ಬಾಡಿಗೆ ಕಟ್ಟುವವರಿಗಷ್ಟೇ ಸಲ್ಲುತ್ತದೆ. ಇಂಥ ಪ್ರವೇಶ ಮರುಕಳಿಸಿದರೆ ವಕೀಲರ ನೋಟಿಸು, ಅದಕ್ಕೂ ಬಗ್ಗದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಪ್ರತಿಬಂಧಕಾಜ್ಞೆ, ಅಂದರೆ ಇಂಥದನ್ನು ಮಾಡಕೂಡದೆಂದು ಎದುರುಪಕ್ಷವನ್ನು ತಡೆಯುವ ಆದೇಶ, ಕೋರಬಹುದು. ಬೀಗ ಬದಲಿಸಿ ಹೊರಹಾಕಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಬೇಕು. ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶದ ಪ್ರವೇಶವು ಭಾರತೀಯ ನ್ಯಾಯ ಸಂಹಿತೆಯ 329ನೆಯ ಕಲಮಿನಡಿ ಅಪರಾಧ. ಆ ಕಲಮು ನೋಡುವುದು ಸ್ವಾಧೀನ ಯಾರದೆಂಬುದನ್ನು, ಒಡೆತನವನ್ನಲ್ಲ. ಮಲಗುವ ಕೋಣೆ, ಬಚ್ಚಲುಗಳಲ್ಲಿ ಗುಟ್ಟಾಗಿ ಇಟ್ಟ ಕ್ಯಾಮೆರಾ ಕಂಡರೆ ನೋಟಿಸಿಗೆ ಕಾಯದೆ, ಅದನ್ನು ಕಿತ್ತುಹಾಕದೆ, 112ಕ್ಕೆ ಕರೆ ಮಾಡಬೇಕು. ಮಹಿಳೆಯರೂ ಪರಿಶಿಷ್ಟ ಜಾತಿ, ಪಂಗಡದವರೂ ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು.

ಪಿ.ಜಿ.ಗಳ ವಿಷಯ ಬೇರೆ. ಅಲ್ಲಿರುವುದು ಸಾಮಾನ್ಯವಾಗಿ ಬಾಡಿಗೆದಾರಿಕೆಯಲ್ಲ, ಪರವಾನಗಿ, ಅಂದರೆ ಸ್ವಾಧೀನ ವರ್ಗಾಯಿಸದೆ ಇರಲು ಕೊಡುವ ಅನುಮತಿ ಮಾತ್ರ. ಹಾಗಾಗಿ ಶುಚಿತ್ವ, ತಪಾಸಣೆಗೆ ಒಳಬರುವ ಅವಕಾಶ ನಡೆಸುವವರಿಗೆ ಹೆಚ್ಚು. ಆದರೂ ಕಾಗದದ ತಲೆಬರಹದಲ್ಲಿ ‘ಪರವಾನಗಿ’ ಎಂದಿದ್ದ ಮಾತ್ರಕ್ಕೆ ತೀರ್ಮಾನವಾಗದು. ಕೋಣೆ ಪೂರ್ತಿಯಾಗಿ ಯಾರ ವಶದಲ್ಲಿತ್ತು ಎಂಬುದನ್ನು ನೋಡುವ ಪರಿಪಾಠವನ್ನು ಸುಪ್ರೀಂ ಕೋರ್ಟು 1959ರಷ್ಟು ಹಿಂದೆಯೇ, ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ, ಹಾಕಿಕೊಟ್ಟಿದೆ.