ಉಪ್ಪಿನ ಕೊಳ, ಬಿಸಿನೀರು

ಬೆಳಿಗ್ಗೆ ಎದ್ದರೆ ನಮಗೆ ಬಿಸಿನೀರು ಬೇಕು. ಹಂಡೆ ತುಂಬುತ್ತೇವೆ. ಒಲೆಗೆ ಸೌದೆ ಒಡ್ಡುತ್ತೇವೆ. ಸೌದೆ ತರೋದಕ್ಕೆ ದೂರ ನಡೀಬೇಕು. ಕೊಂಡರೆ ದುಡ್ಡು ಬೇಕು. ಬಿಸಿಲಿಗೇ ನೀರು ಕಾಯೋದಿಲ್ಲವೇ?

ಕಾಯುತ್ತದೆ. ಆದರೆ ಶಾಖ ನಿಲ್ಲುವುದಿಲ್ಲ. ಕೆರೆಯನ್ನೇ ನೋಡಿ. ಬಿಸಿಲು ನೀರಿನೊಳಗೆ ಇಳಿಯುತ್ತದೆ. ತಳದ ನೀರು ಬಿಸಿಯಾಗುತ್ತದೆ. ಬಿಸಿಯಾದ ನೀರು ಹಗುರ. ಅದು ಮೇಲಕ್ಕೆ ಬಂದು ಗಾಳಿಗೆ ತಣ್ಣಗಾಗುತ್ತದೆ.

ಬಿಸಿನೀರು ತಳದಲ್ಲೇ ಇರುವಂತೆ ಮಾಡಲು ಒಂದು ಉಪಾಯ ಉಂಟು. ಅದೇ ಉಪ್ಪು! ಒಂದು ಲೋಟ ನೀರಿಗೆ ಕೋಳಿಮೊಟ್ಟೆ ಹಾಕಿ. ಮುಳುಗುತ್ತದೆ. ಉಪ್ಪು ಕದಡುತ್ತಾ ಹೋಗಿ. ಮೊಟ್ಟೆ ತೇಲುತ್ತದೆ. ಯಾಕೆ? ಉಪ್ಪುನೀರು ಭಾರ.

ಸೌರಕೊಳದಲ್ಲಿ ಮೂರು ಪದರ ನೀರು ಇರುತ್ತದೆ. ತಳದಲ್ಲಿ ತುಂಬಾ ಉಪ್ಪು. ಮೇಲೆ ಹೆಚ್ಚುಕಡಿಮೆ ಸಿಹಿನೀರು. ನಡುವೆ ಮೇಲಿಂದ ಕೆಳಗೆ ಹೋದಂತೆ ಉಪ್ಪು ಹೆಚ್ಚು. ತಳದ ನೀರು ಬಿಸಿಯಾದರೂ ಭಾರವಾಗಿಯೇ ಇರುತ್ತದೆ. ಮೇಲೇಳುವುದಿಲ್ಲ. ನಡುವಿನ ಪದರ ಅದಕ್ಕೆ ಕಂಬಳಿ ಹೊದಿಸಿದ ಹಾಗೆ. ರಾತ್ರಿಯಾದರೂ, ಮೋಡ ಮುಚ್ಚಿದರೂ ಶಾಖ ಉಳಿಯುತ್ತದೆ.

ಇದು ಬರೀ ಮಾತಲ್ಲ. ಗುಜರಾತಿನ ಕಚ್ಛ್ ಜಿಲ್ಲೆಯ ಭುಜ್‌ನಲ್ಲಿ ಹಾಲಿನ ಡೈರಿಯೊಂದರ ಪಕ್ಕ ಇಂಥ ಕೊಳ ಕಟ್ಟಿದರು. ಉದ್ದ 100 ಮೀಟರ್, ಅಗಲ 60 ಮೀಟರ್. 1993ರಿಂದ ಅದು ಡೈರಿಗೆ ಬಿಸಿನೀರು ಕೊಟ್ಟಿತು. ತಳದ ಬಿಸಿ ಉಪ್ಪುನೀರನ್ನು ಪಂಪಿನಿಂದ ಎಳೆಯುತ್ತಿದ್ದರು. ಅದರ ಶಾಖ ಬೇರೆ ಕೊಳವೆಯ ಸಿಹಿನೀರಿಗೆ ದಾಟುತ್ತಿತ್ತು. ಉಪ್ಪುನೀರು ಮತ್ತೆ ಕೊಳದ ತಳಕ್ಕೆ. ದಿನಕ್ಕೆ 80,000 ಲೀಟರ್ ಬಿಸಿನೀರು ಸಿಗುತ್ತಿತ್ತು. 40 ಲೀಟರಿನ ಹಂಡೆಯಾದರೆ 2,000 ಹಂಡೆ!

ಹಾಗಾದರೆ ನಮ್ಮೂರಲ್ಲೂ ಒಂದು ತೋಡೋಣವೇ? ಸ್ವಲ್ಪ ತಾಳಿ. ಲೆಕ್ಕ ಹಾಕೋಣ.

ಬಿಸಿಲಿಗೆ ಕಾಸು ಕೊಡಬೇಕಿಲ್ಲ, ನಿಜ. ಉಪ್ಪಿಗೆ ಕೊಡಬೇಕು. ತಳದ ಸಾವಿರ ಲೀಟರ್ ನೀರಿಗೆ 200 ಕಿಲೋಗೂ ಹೆಚ್ಚು ಉಪ್ಪು ಹಿಡಿಯುತ್ತದೆ. ದೊಡ್ಡ ಕೊಳಕ್ಕೆ ಸಾವಿರಾರು ಟನ್ ಬೇಕು. ಕಚ್ಛ್‌ನಲ್ಲಿ ಉಪ್ಪು ಅಲ್ಲೇ ಬೆಳೆಯುತ್ತಾರೆ, ಅಗ್ಗ. ನಾವು ಲಾರಿಯಲ್ಲಿ ತರಿಸಿದರೆ ಬಾಡಿಗೆಯೇ ಮೈಮೇಲೆ ಬರುತ್ತದೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತಾರೆ. ಇಲ್ಲಿ ಕೊಳವೇ ಉಪ್ಪು ತಿಂದಿದೆ! ಮೇಲಿನ ನೀರು ಆರುತ್ತಲೇ ಇರುತ್ತದೆ. ಮತ್ತೆ ಮತ್ತೆ ನೀರು ಹಾಯಿಸಬೇಕು. ಬೇಸಿಗೆಯಲ್ಲಿ ನಮಗೇ ಕುಡಿಯಲು ನೀರಿಲ್ಲದಿದ್ದರೆ?

ಇನ್ನೊಂದು ಭಯ ಇದಕ್ಕಿಂತ ದೊಡ್ಡದು. ತಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಹರಿದರೆ ಉಪ್ಪುನೀರು ನೆಲಕ್ಕೆ ಇಳಿಯುತ್ತದೆ. ಹೊಲ ಕೆಡುತ್ತದೆ. ಬಾವಿ ಉಪ್ಪಾಗುತ್ತದೆ. ಆಮೇಲೆ ಯಾರನ್ನು ಕೇಳೋದು? ಅದಕ್ಕೇ ಹಾಳೆ, ಜೇಡಿಮಣ್ಣಿನ ಖರ್ಚಿನಲ್ಲಿ ಜಿಪುಣತನ ಸಲ್ಲದು.

ಬಿಸಿನೀರು ಕೊಳ್ಳುವವರೂ ದಿನಾ ಇರಬೇಕು. ಭುಜ್‌ನ ಡೈರಿ ನಷ್ಟಕ್ಕೆ ಬಿತ್ತು. 2000ದಲ್ಲಿ ಕೊಳದ ಕೆಲಸವೂ ನಿಂತಿತು. ಕೊಳದ್ದೇನೂ ತಪ್ಪಿರಲಿಲ್ಲ. 2001ರ ಜನವರಿಯಲ್ಲಿ ಭೂಕಂಪ ಬೇರೆ ಆಯಿತು. ಡೈರಿ ಪೂರ್ತಿ ಮುಚ್ಚಿಹೋಯಿತು.

ಉಪ್ಪಿನ ಗದ್ದೆ ಹತ್ತಿರ ಇದ್ದು, ದಿನಾ ಬಿಸಿನೀರು ಬೇಕಾದ ಕಾರ್ಖಾನೆ ಪಕ್ಕದಲ್ಲಿದ್ದರೆ ಸೌರಕೊಳ ಒಪ್ಪುತ್ತದೆ. ನಮ್ಮ ಮನೆಯ ಸ್ನಾನಕ್ಕೆ ಇಷ್ಟೆಲ್ಲ ಬೇಡ. ಮಾಳಿಗೆ ಮೇಲಿನ ಸೋಲಾರ್ ಹೀಟರ್ ಸಾಕು. ಅದಕ್ಕೆ ಉಪ್ಪೂ ಬೇಡ, ಬಾವಿ ಕೆಡುವ ಭಯವೂ ಇಲ್ಲ.